ಸಿಎಸ್‌ಎಂಟಿಯಲ್ಲಿ ಸೂರ್ಯ, ಕಲ್ಯಾಣ್‌ನಲ್ಲಿ ನೆಪ್ಚೂನ್

ಶಾಲೆಯ ಗೋಡೆಗೆ ತೂಗುಹಾಕುವ ಸೌರಮಂಡಲದ ಚಿತ್ರಪಟದ ಮೇಲೆ ನನಗೊಂದು ತಕರಾರಿದೆ. ಎಡತುದಿಯಲ್ಲಿ ಹಳದಿ ಸೂರ್ಯ. ಪಕ್ಕದಲ್ಲಿ ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನಿಂತವರಂತೆ ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡಿರುತ್ತಾರೆ. ಸಾಲು ಸರಿ, ಬಣ್ಣವೂ ಹೆಚ್ಚುಕಡಿಮೆ ಸರಿ. ದೂರ ಮಾತ್ರ ಪೂರ್ತಿ ತಪ್ಪು. ಚಿತ್ರ ಬರೆದವರನ್ನು ದೂರುವಂತೆಯೂ ಇಲ್ಲ. ಸೂರ್ಯನನ್ನು ಒಂದು ಸೆಂಟಿಮೀಟರ್ ಅಗಲದ ಬೊಟ್ಟಾಗಿ ಬರೆದರೂ ಅದೇ ಅಳತೆಯಲ್ಲಿ ನೆಪ್ಚೂನ್ 32 ಮೀಟರ್ ಆಚೆ ಹೋಗಿ ಕೂರುತ್ತದೆ. ಭೂಮಿಯ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಅಂಥ ಪುಟವನ್ನು ಯಾವ ಪ್ರೆಸ್ಸು ಅಚ್ಚು ಹಾಕೀತು? ಹೀಗಾಗಿ ಗ್ರಹಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುವ ಏಳನೇ ತರಗತಿಯ ಮಕ್ಕಳಿಗೂ ಸೌರಮಂಡಲ ಎಂದರೆ ಬಹುಪಾಲು ಖಾಲಿ ಜಾಗ ಎಂಬ ಮುಖ್ಯ ಸಂಗತಿಯೇ ಗೊತ್ತಿರುವುದಿಲ್ಲ.

ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ಮಕ್ಕಳಿಗೆ ಇದನ್ನು ತಿದ್ದಿಕೊಳ್ಳಲು ಒಳ್ಳೆಯ ಅಳತೆಗೋಲು ಮನೆ ಬಾಗಿಲಲ್ಲೇ ಬಿದ್ದಿದೆ. ಅದು ಸೆಂಟ್ರಲ್ ರೈಲ್ವೆಯ ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ, ಎಂದರೆ ಇಂದಿನ ಸಿಎಸ್‌ಎಂಟಿಯಿಂದ, ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು, 34 ಕಿ.ಮೀ. ಮರುವರ್ಷ ಮೇ 1ಕ್ಕೆ ಹಳಿ ಕಲ್ಯಾಣ್ ಮುಟ್ಟಿತು; ಒಟ್ಟು ಸುಮಾರು 54 ಕಿ.ಮೀ. ಈ ದೂರ ಎಷ್ಟೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲಿ ಸೀಟು ಸಿಗುತ್ತದೆ, ಎಲ್ಲಿ ನಿದ್ದೆ ಬರುತ್ತದೆ, ಎಲ್ಲಿ ಎದ್ದು ಬಾಗಿಲ ಕಡೆ ಸರಿಯಬೇಕು ಎಂಬುದೆಲ್ಲ ಮೈಗೇ ಗೊತ್ತು.

ಈಗ ಸೂರ್ಯನನ್ನು ಸಿಎಸ್‌ಎಂಟಿಯ ಬಫರಿನ ಹತ್ತಿರ ಇಡಿ. ಸೂರ್ಯನಿಂದ ಸುಮಾರು 450 ಕೋಟಿ ಕಿ.ಮೀ. ದೂರದ ನೆಪ್ಚೂನನ್ನು ಕಲ್ಯಾಣ್‌ಗೆ ತನ್ನಿ. ಆಗ ಹಳಿಯ ಒಂದು ಕಿಲೋಮೀಟರ್ ಎಂದರೆ ಆಕಾಶದ 8.3 ಕೋಟಿ ಕಿಲೋಮೀಟರ್. ಗುಣಾಕಾರ ಬರುವ ಯಾರಾದರೂ ಉಳಿದದ್ದನ್ನು ತಾವೇ ಮಾಡಿಕೊಳ್ಳಬಹುದು. ಮಾಡಿದಾಗ ಉತ್ತರಗಳು ಸ್ಟೇಷನ್ನುಗಳ ಮೇಲೆ ಕೂರುವ ರೀತಿ ನನಗಂತೂ ಖುಷಿ ಕೊಟ್ಟಿತು. ಗುರು ದಾದರ್‌ನಲ್ಲಿ, ಶನಿ ವಿದ್ಯಾವಿಹಾರದಲ್ಲಿ, ಯುರೇನಸ್ ಥಾಣೆಯಲ್ಲಿ. ಯಾರೂ ಹೊಂದಿಸಿಟ್ಟದ್ದಲ್ಲ, ಬರೀ ಕಾಕತಾಳೀಯ.

ಹೊರಡುವ ಮೊದಲು ಎರಡು ಮಾತು. ಗ್ರಹಗಳು ನಿಜವಾಗಿ ಹೀಗೆ ಒಂದೇ ಗೆರೆಯ ಮೇಲೆ ನಿಂತಿರುವುದಿಲ್ಲ. ಒಂದೊಂದೂ ಸೂರ್ಯನ ಸುತ್ತ ತನ್ನದೇ ದಾರಿ ಹಿಡಿದು ಸುತ್ತುತ್ತದೆ. ನಾವು ಗುರುತು ಹಾಕುತ್ತಿರುವುದು ಆ ದಾರಿ ಸೂರ್ಯನಿಂದ ಎಷ್ಟು ದೂರದಲ್ಲಿದೆ ಎಂಬುದನ್ನಷ್ಟೇ. ಹಾಗೆಯೇ ರೈಲು ಹಳಿ ಅಲ್ಲಲ್ಲಿ ಬಾಗುತ್ತದೆ, ಬೆಳಕು ಬಾಗದೆ ನೇರ ಹೋಗುತ್ತದೆ. ನಮ್ಮ ಲೆಕ್ಕ ಹಳಿಯ ಉದ್ದದ್ದು.

ಸಿಎಸ್‌ಎಂಟಿಯಲ್ಲಿ ಸೂರ್ಯ ಸುಮಾರು 16.7 ಮೀಟರ್ ಅಗಲದ ಗೋಳ. ಲೋಕಲ್‌ನ ಒಂದು ಡಬ್ಬಿಯ ಉದ್ದಕ್ಕಿಂತ ತುಸು ಕಡಿಮೆ. ಇಡೀ ಸೌರಮಂಡಲದ ದ್ರವ್ಯದಲ್ಲಿ ಶೇ 99.86 ಭಾಗ ಇದೊಂದರಲ್ಲೇ ಇದೆ. ಇನ್ನು ಕಲ್ಯಾಣ್‌ವರೆಗೆ, ಅದರಾಚೆಗೆ ಏನೆಲ್ಲ ಸಿಕ್ಕರೂ ಅದು ಉಳಿದ ಶೇ 0.14ರ ಪಾಲು.

ಗಾಡಿ ಹೊರಟು ವೇಗ ಹಿಡಿಯುವ ಮೊದಲೇ, 700 ಮೀಟರಿನಲ್ಲಿ, ಬುಧ. ಆರು ಸೆಂಟಿಮೀಟರಿನ ಸುಟ್ಟ ಕಲ್ಲು. ಮಸ್ಜಿದ್ ಸ್ಟೇಷನ್ನಿನ ಹತ್ತಿರ ಶುಕ್ರ. ಸೂರ್ಯನಿಗೆ ಹತ್ತಿರವಿರುವ ಬುಧನೇ ಎಲ್ಲಕ್ಕಿಂತ ಬಿಸಿ ಇರಬೇಕು ಎಂದು ತೋರುವುದು ಸಹಜ, ಆದರೆ ಅದು ಸರಿಯಲ್ಲ. ಬುಧನ ಮೇಲೆ ಹಗಲು 430 ಡಿಗ್ರಿ ಸೆಲ್ಸಿಯಸ್ ಕಾದರೂ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಶಾಖವನ್ನು ಹಿಡಿದಿಡಲು ಅಲ್ಲಿ ಗಾಳಿಯಿಲ್ಲ. ಶುಕ್ರನಿಗೆ ದಟ್ಟ ವಾತಾವರಣವಿದೆ, ಅದರಲ್ಲಿ ಶೇ 96 ಇಂಗಾಲದ ಡೈಆಕ್ಸೈಡ್. ಒಳಬಂದ ಶಾಖ ಹೊರಹೋಗದೆ ಹಗಲು ರಾತ್ರಿ ಒಂದೇ ಸಮ 465 ಡಿಗ್ರಿಯಷ್ಟು ಕುದಿಯುತ್ತದೆ. ಸಂಜೆ ಪಡುವಣದಲ್ಲಿ ಅಷ್ಟು ತಣ್ಣಗೆ, ಚಂದಗೆ ಹೊಳೆಯುವ ಬೆಳ್ಳಿ ಇದೇ.

ಮಸ್ಜಿದ್‌ಗೂ ಸ್ಯಾಂಡ್‌ಹರ್ಸ್ಟ್ ರೋಡಿಗೂ ನಡುವೆ, 1.8 ಕಿ.ಮೀ.ನಲ್ಲಿ, ನಾವು. ಭೂಮಿ 15 ಸೆಂಟಿಮೀಟರ್. ಚಂದ್ರ ನಾಲ್ಕು ಸೆಂಟಿಮೀಟರ್. ಇಬ್ಬರ ನಡುವಿನ ಅಂತರ 4.6 ಮೀಟರ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಹೆಮ್ಮೆಯೆಲ್ಲ ಇಲ್ಲೇ ಇದೆ. ಮನುಷ್ಯ ಕಾಲಿಟ್ಟು ಬಂದ ಅತಿ ದೂರದ ನೆಲ ಈ 4.6 ಮೀಟರಿನಾಚೆಯದು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದೂ ಅಲ್ಲೇ. ಅದಾದ ಹತ್ತೇ ದಿನಕ್ಕೆ, ಸೆಪ್ಟೆಂಬರ್ 2ರಂದು, ಇಸ್ರೊ ಆದಿತ್ಯ-ಎಲ್1 ನೌಕೆಯನ್ನು ಹಾರಿಸಿತು. ಅದರ ಮುಖ್ಯ ಉಪಕರಣವಾದ ಸೌರಪ್ರಭಾವಳಿ ದರ್ಶಕವನ್ನು ಕಟ್ಟಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್. ಆದಿತ್ಯ ಸೂರ್ಯನ ಹತ್ತಿರ ಹೋಗಿದೆ ಎಂದು ದೊಡ್ಡವರೂ ಹೇಳುತ್ತಾರೆ. ನೌಕೆ ನಿಂತಿರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ, ಎಂದರೆ ನಮ್ಮ ಹಳಿಯ ಮೇಲೆ 18 ಮೀಟರ್. ಸಿಎಸ್‌ಎಂಟಿ ಅಲ್ಲಿಂದ ಇನ್ನೂ 1,780 ಮೀಟರ್ ಆಚೆಗಿದೆ. ಇದರಿಂದ ಆದಿತ್ಯದ ಮಹತ್ವ ಕಡಿಮೆಯಾಗುವುದಿಲ್ಲ. ಗ್ರಹಣದ ಕಾಟವಿಲ್ಲದೆ ಸೂರ್ಯನನ್ನು ಸದಾ ನೋಡುತ್ತಿರಲು ಆ ಜಾಗವೇ ಬೇಕಿತ್ತು.

ಈ ಅಳತೆಯಲ್ಲಿ ಬೆಳಕಿನ ವೇಗ ಎಷ್ಟಾಗುತ್ತದೆ ಗೊತ್ತೆ? ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಹೋಗುವ ಬೆಳಕು ಇಲ್ಲಿ ಗಂಟೆಗೆ 13 ಕಿ.ಮೀ.ನಷ್ಟೇ ಸಾಗುತ್ತದೆ. ಸೈಕಲ್ ತುಳಿಯುವ ವೇಗ. ಸಿಎಸ್‌ಎಂಟಿಯಿಂದ ಭೂಮಿಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಕೂಡ ಬೆಳಕನ್ನು ಹಿಂದೆ ಹಾಕಿ ಮುಂದೆ ಹೋಗುತ್ತದೆ. ನಿಜದಲ್ಲಿ ಬೆಳಕಿಗಿಂತ ವೇಗವಾದದ್ದು ಯಾವುದೂ ಇಲ್ಲ. ಅಷ್ಟು ವೇಗದ ಬೆಳಕೇ ಇಲ್ಲಿ ಸೈಕಲ್ಲಿನಂತೆ ತೆವಳಬೇಕಾದರೆ ಆಕಾಶದ ದೂರ ಎಂಥದ್ದಿರಬೇಕು!

2.7 ಕಿ.ಮೀ.ಗೆ ಮಂಗಳ, ಎಂಟು ಸೆಂಟಿಮೀಟರ್. ಇದಿನ್ನೂ ಬೈಕಲಾಕ್ಕಿಂತ ಹಿಂದೆ. ಕಲ್ಲು ನೆಲವುಳ್ಳ ನಾಲ್ಕೂ ಗ್ರಹಗಳು ಮೊದಲ ಮೂರು ಕಿಲೋಮೀಟರಿನಲ್ಲೇ ಮುಗಿದುಹೋದವು. ಇನ್ನುಳಿದ 51 ಕಿಲೋಮೀಟರಿಗೆ ನಾಲ್ಕೇ ಗ್ರಹ.

ಬೈಕಲಾದಿಂದ ಕರೀರೋಡಿನವರೆಗೆ ಕ್ಷುದ್ರಗ್ರಹಗಳ ಪಟ್ಟಿ. ಸಿನಿಮಾಗಳಲ್ಲಿ ಇಲ್ಲಿ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ, ನಾಯಕನ ನೌಕೆ ಸಂದಿಯಲ್ಲಿ ನುಸುಳುತ್ತದೆ. ನಿಜವಾಗಿ ಈ ಪಟ್ಟಿಯ ಎಲ್ಲ ಕಲ್ಲುಗಳನ್ನು ಒಟ್ಟುಗೂಡಿಸಿದರೂ ನಮ್ಮ ಚಂದ್ರನ ತೂಕದ ನೂರಕ್ಕೆ ಮೂರು ನಾಲ್ಕು ಭಾಗವಷ್ಟೇ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸಿರಿಸ್ ಚಿಂಚ್‌ಪೋಕ್ಲಿಯಲ್ಲಿ ಒಂದು ಸೆಂಟಿಮೀಟರಿನ ಗೋಲಿ. ನೌಕೆಗಳು ಯಾವ ಕಸರತ್ತೂ ಇಲ್ಲದೆ ಇದನ್ನು ದಾಟಿ ಹೋಗುತ್ತವೆ.

ದಾದರ್. ಇಲ್ಲಿ ಗುರು, 1.7 ಮೀಟರ್ ಅಗಲ, ಭೂಮಿಯ 318 ಪಟ್ಟು ತೂಕ. ಸೌರಮಂಡಲ ಹುಟ್ಟುವ ಕಾಲಕ್ಕೆ ಸೂರ್ಯನ ಹತ್ತಿರದ ಬಿಸಿಯಲ್ಲಿ ನೀರು ಆವಿಯಾಗಿಯೇ ಇತ್ತು, ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾದವು. ಅದಕ್ಕೇ ಒಳಗಿನ ನಾಲ್ಕು ಗ್ರಹಗಳು ಚಿಕ್ಕವು. ಕ್ಷುದ್ರಗ್ರಹಗಳ ಪಟ್ಟಿಯ ಆಸುಪಾಸಿನಿಂದಾಚೆ ಚಳಿ ಹೆಚ್ಚಿ ನೀರೂ ಮಂಜುಗಡ್ಡೆಯಾಯಿತು. ಗ್ರಹ ಕಟ್ಟಲು ಬೇಕಾದಷ್ಟು ಸಾಮಗ್ರಿ ಸಿಕ್ಕಿತು. ಗುರು ದಪ್ಪಗಾಯಿತು, ದಪ್ಪಗಾದಷ್ಟೂ ಅದರ ಸೆಳೆತ ಹೆಚ್ಚಿ ಸುತ್ತಲಿನ ಜಲಜನಕ, ಹೀಲಿಯಂ ಅನಿಲಗಳನ್ನೆಲ್ಲ ಬಾಚಿಕೊಂಡಿತು. ಅಲ್ಲಿ ಇಳಿದು ನಿಲ್ಲಲು ನೆಲವೇ ಇಲ್ಲ.

ಗುರುವಿಗೆ ದಾದರ್ ಸಿಕ್ಕಿದ್ದು ಬಹಳ ಒಪ್ಪುತ್ತದೆ, ಸೌರಮಂಡಲದ ಜಂಕ್ಷನ್ನೂ ಗುರುವೇ. ದೂರದ ಗ್ರಹಗಳಿಗೆ ಹೊರಟ ನೌಕೆಗಳು ಗುರುವಿನ ಪಕ್ಕದಲ್ಲಿ ಹಾದು, ಅದರ ಗುರುತ್ವದಿಂದ ವೇಗವನ್ನು ಕಡ ಪಡೆದು ದಿಕ್ಕು ಬದಲಿಸುತ್ತವೆ. ಎರಡು ವಾಯೇಜರ್‌ಗಳು, ಶನಿಗೆ ಹೋದ ಕ್ಯಾಸಿನಿ, ಪ್ಲೂಟೊಗೆ ಹೋದ ನ್ಯೂ ಹೊರೈಜನ್ಸ್ ಎಲ್ಲವೂ ದಾದರ್‌ನಲ್ಲಿ ಗಾಡಿ ಬದಲಿಸಿದವೇ. 1610ರ ಜನವರಿಯಲ್ಲಿ ಗೆಲಿಲಿಯೊ ತನ್ನ ಪುಟ್ಟ ದೂರದರ್ಶಕವನ್ನು ಗುರುವಿನತ್ತ ತಿರುಗಿಸಿ ನಾಲ್ಕು ಚಂದ್ರರನ್ನು ಕಂಡ. ಎಲ್ಲವೂ ಭೂಮಿಯ ಸುತ್ತಲೇ ಸುತ್ತುತ್ತವೆ ಎಂಬ ನಂಬಿಕೆಗೆ ಅಂದೇ ಬಿರುಕು ಬಿತ್ತು. ಆ ನಾಲ್ಕನ್ನೂ ಇಂದು ಕಲ್ಯಾಣ್‌ನ ತಾರಸಿಯ ಮೇಲಿಂದ ಒಳ್ಳೆಯ ಬೈನಾಕ್ಯುಲರಿನಲ್ಲಿ ನೋಡಬಹುದು; ಕೈ ಅಲುಗದಂತೆ ಗೋಡೆಗೆ ಊರಿಕೊಂಡರೆ ಸಾಕು.

ಗುರು ಸೂರ್ಯನನ್ನೊಮ್ಮೆ ಸುತ್ತಲು 11.86 ವರ್ಷ. ಎಂದರೆ ಒಂದು ರಾಶಿಗೆ ಹೆಚ್ಚುಕಡಿಮೆ ಒಂದು ವರ್ಷ. ನಮ್ಮ ಮನೆಗಳ ಪಂಚಾಂಗದಲ್ಲಿ ಗುರು ರಾಶಿ ಬದಲಿಸುವ ದಿನ ಅಚ್ಚಾಗುವುದು ಇದೇ ಲೆಕ್ಕದಿಂದ. ಕಸಾರಾ ಲೈನಿನಾಚೆಯ ನಾಸಿಕದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳ ಬರುವುದು ಗುರು ಸಿಂಹರಾಶಿಗೆ ಬಂದಾಗ. ಶನಿಗೆ ಒಂದು ಸುತ್ತಿಗೆ 29.5 ವರ್ಷ, ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಅಜ್ಜಿಯರು ಹೆದರುವ ಸಾಡೇಸಾತಿಯ ಏಳೂವರೆ ಬಂದದ್ದು ಇಲ್ಲಿಂದ. ಹೆದರಿಕೆಯನ್ನು ನಾನು ಒಪ್ಪುವುದಿಲ್ಲ. ಲೆಕ್ಕವನ್ನು ಮಾತ್ರ ಕೈಯೆತ್ತಿ ಒಪ್ಪುತ್ತೇನೆ: ದೂರದರ್ಶಕವಿಲ್ಲದ ಕಾಲದಲ್ಲಿ ತಲೆಮಾರುಗಟ್ಟಲೆ ರಾತ್ರಿ ಎಚ್ಚರವಿದ್ದು ನೋಡಿದವರು ಕಟ್ಟಿದ ಲೆಕ್ಕ ಅದು.

ಆ ಶನಿ ಕುರ್ಲಾ ದಾಟಿ ವಿದ್ಯಾವಿಹಾರದಲ್ಲಿದೆ, 17.2 ಕಿ.ಮೀ.ನಲ್ಲಿ. ಗೋಳದ ಅಗಲ 1.45 ಮೀಟರ್, ಬಳೆಗಳನ್ನು ಸೇರಿಸಿದರೆ 3.3 ಮೀಟರ್, ಲೋಕಲ್ ಡಬ್ಬಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ. ಆ ಬಳೆಗಳ ನಿಜವಾದ ದಪ್ಪ ಬಹುಪಾಲು ಕಡೆ ಹತ್ತಾರು ಮೀಟರ್ ಅಷ್ಟೇ. ನಮ್ಮ ಅಳತೆಯಲ್ಲಿ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಮಂಜಿನ ತುಣುಕುಗಳು ಅಷ್ಟು ತೆಳ್ಳಗೆ ಹರಡಿಕೊಂಡು ಸುತ್ತುತ್ತಿವೆ.

ನವಗ್ರಹಗಳ ಪಟ್ಟಿಯಲ್ಲಿ ಸೂರ್ಯ, ಚಂದ್ರರಿದ್ದಾರೆ, ರಾಹು ಕೇತುಗಳಿದ್ದಾರೆ. ಆದರೆ ಶನಿಯಿಂದಾಚೆಗೆ ಯಾರೂ ಇಲ್ಲ. ಬರಿಗಣ್ಣಿಗೆ ಸುಲಭವಾಗಿ ಕಾಣುವ ಗ್ರಹಗಳು ಅಲ್ಲಿಗೆ ಮುಗಿಯುತ್ತವೆ. ಭಾರತ, ಬ್ಯಾಬಿಲೋನ್, ಗ್ರೀಸ್, ಚೀನಾ ಎಲ್ಲರ ಪಾಲಿಗೂ ಸಾವಿರಾರು ವರ್ಷ ಗಾಡಿ ವಿದ್ಯಾವಿಹಾರದಲ್ಲೇ ಟರ್ಮಿನೇಟ್ ಆಗುತ್ತಿತ್ತು. 1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತಗಾರ ತಾನೇ ತಯಾರಿಸಿದ ದೂರದರ್ಶಕದಲ್ಲಿ ಒಂದು ಮಸುಕು ಬಿಲ್ಲೆಯನ್ನು ನೋಡಿದ. ಮೊದಲು ಅದನ್ನು ಧೂಮಕೇತು ಎಂದುಕೊಂಡ. ಅದು ಯುರೇನಸ್. ನಮ್ಮ ಹಳಿಯ ಲೆಕ್ಕದಲ್ಲಿ 34.6 ಕಿ.ಮೀ. ಒಂದೇ ಹೊಡೆತಕ್ಕೆ ಲೈನು ವಿದ್ಯಾವಿಹಾರದಿಂದ ಥಾಣೆಗೆ, ಎರಡು ಪಟ್ಟು ವಿಸ್ತರಿಸಿತು.

ಯುರೇನಸ್ ಥಾಣೆಯ ಗ್ರಹ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದರ ದಾರಿ ಪೂರ್ತಿ ದುಂಡಗಿಲ್ಲದ್ದರಿಂದ ಸೂರ್ಯನಿಗೆ ಹತ್ತಿರ ಬಂದಾಗ ಮುಲುಂಡ್ ದಾಟಿದ ಜಾಗದಲ್ಲಿರುತ್ತದೆ, ದೂರ ಹೋದಾಗ ಕಳ್ವಾದಲ್ಲಿ; ನಡುವಿನ ಮನೆ ಥಾಣೆಯೇ. ಸುಮಾರು 60 ಸೆಂಟಿಮೀಟರಿನ ಈ ಹಸಿರುನೀಲಿ ಗೋಳ 98 ಡಿಗ್ರಿ ವಾಲಿಕೊಂಡು, ಮಲಗಿಯೇ ಸುತ್ತುತ್ತದೆ. ಒಂದು ಸುತ್ತಿಗೆ 84 ವರ್ಷ. ಹೀಗಾಗಿ ಅದರ ಧ್ರುವಗಳಲ್ಲಿ 42 ವರ್ಷ ಹಗಲು, 42 ವರ್ಷ ರಾತ್ರಿ. ಇದಕ್ಕೂ ಬಳೆಗಳಿವೆ ಎಂದು ಗೊತ್ತಾದದ್ದು 1977ರ ಮಾರ್ಚ್ 10ರಂದು, ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ಆ ನಕ್ಷತ್ರ ಮತ್ತೆ ಮತ್ತೆ ಮಿನುಗಿ ಮಂಕಾದಾಗ. ಆ ಘಟನೆಯನ್ನು ಜಗತ್ತಿನ ಕೆಲವೇ ವೀಕ್ಷಣಾಲಯಗಳು ದಾಖಲಿಸಿದವು. ಬೆಂಗಳೂರಿನ ಆಸ್ಟ್ರೊಫಿಸಿಕ್ಸ್ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಅವುಗಳಲ್ಲೊಂದು. ಅದಕ್ಕೆ ಬರೀ ಒಂದು ವಾರ ಮೊದಲು, ಮಾರ್ಚ್ 3ರಂದು, ಮುಂಬಯಿಯ ವರ್ಲಿಯಲ್ಲಿ ನೆಹರೂ ತಾರಾಲಯ ಬಾಗಿಲು ತೆರೆದಿತ್ತು.

ಥಾಣೆ ಬಿಟ್ಟ ಮೇಲೆ ಏನೂ ಇಲ್ಲ. ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ: ಯಾವ ಸ್ಟೇಷನ್ನಿನಲ್ಲೂ ಒಂದು ಗ್ರಹವೂ ಇಲ್ಲ. ಬೋಗಿಯೊಳಗೆ ಉಸಿರಾಡಲೂ ಜಾಗವಿಲ್ಲದ ಭಾಗವೇ ನಮ್ಮ ಸೌರಮಂಡಲದಲ್ಲಿ ಎಲ್ಲಕ್ಕಿಂತ ಖಾಲಿ! ಡೊಂಬಿವಲಿಯ ಮಕ್ಕಳು ಬೇಸರಪಡಬೇಕಿಲ್ಲ, ಅವರ ಊರಿನ ಮೇಲೆ ಒಬ್ಬ ಪ್ರಯಾಣಿಕ ಹಾದುಹೋಗುತ್ತಾನೆ. ಹ್ಯಾಲಿ ಧೂಮಕೇತು ಸೂರ್ಯನಿಗೆ ಹತ್ತಿರ ಬಂದಾಗ ಮಸ್ಜಿದ್‌ಗಿಂತ ಈಚೆ, ದೂರ ಹೋದಾಗ ಅಂಬರ್‌ನಾಥ್ ದಾಟಿ 63 ಕಿ.ಮೀ.ಗೆ. 1986ರಲ್ಲಿ ಸೂರ್ಯನನ್ನು ಬಳಸಿ ಹೋದದ್ದು 2023ರ ಡಿಸೆಂಬರಿನಲ್ಲಿ ಆ ಕೊನೆಯ ತುದಿ ಮುಟ್ಟಿ ತಿರುಗಿದೆ. ಈಗ ಅಪ್ ದಿಕ್ಕಿನಲ್ಲಿದೆ. ದಾರಿಯಲ್ಲಿ ಡೊಂಬಿವಲಿಯ ದೂರವನ್ನೂ ದಾಟಿ, 2061ರ ಜುಲೈನಲ್ಲಿ ಸೂರ್ಯನ ಬಳಿ ಬರುತ್ತದೆ. ಇಂದು ಏಳನೇ ತರಗತಿಯಲ್ಲಿರುವವರು ಆಗ ಐವತ್ತರ ಹತ್ತಿರ ಇರುತ್ತಾರೆ.

ಮುಂಬ್ರಾದಲ್ಲಿ ಗ್ರಹವಿಲ್ಲದಿದ್ದರೂ ಕಿಟಕಿಯಾಚೆ ನೋಡಲು ಒಂದು ವಸ್ತುವಿದೆ. ಪಾರ್ಸಿಕ್ ಗುಡ್ಡ, ಮುಂಬ್ರಾದ ಬಂಡೆಗಳು. ಫಾಸ್ಟ್ ಲೋಕಲ್‌ಗಳು ಹಿಂದೆ ಆ ಗುಡ್ಡವನ್ನು ಸುರಂಗದೊಳಗೆ ಹಾದುಹೋಗುತ್ತಿದ್ದವು. ಅದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆ ಪದರ ಪದರವಾಗಿ ಹರಿದು ಆರಿದ ಲಾವಾ. ಚಂದ್ರನ ಮುಖದಲ್ಲಿ ಮೊಲ ಎಂದು ನಾವು ತೋರಿಸುವ ಕಪ್ಪು ಕಲೆಗಳೂ ಬಸಾಲ್ಟೇ; ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯವು. 1969ರಲ್ಲಿ ಅಪೋಲೊ 11ರ ಯಾತ್ರಿಕರು ಇಳಿದದ್ದು ಅಂಥ ಒಂದು ಕಲೆಯ ಮೇಲೆ. ಅವರು ತಂದ ಕಲ್ಲುಗಳಲ್ಲಿ ಮುಂಬ್ರಾದ ಬಂಡೆಯ ದಾಯಾದಿಗಳಿದ್ದವು. ಇದೇ ದಖ್ಖಣದ ಬಸಾಲ್ಟಿನ ಮೇಲೆ, ಬುಲ್ಢಾಣಾ ಜಿಲ್ಲೆಯ ಲೋಣಾರ್‌ನಲ್ಲಿ, ಉಲ್ಕೆಯೊಂದು ಅಪ್ಪಳಿಸಿ 1.8 ಕಿ.ಮೀ. ಅಗಲದ ಕುಳಿ ತೋಡಿದೆ. ಬಸಾಲ್ಟಿನಲ್ಲಿ ಇಂಥ ಕುಳಿ ಭೂಮಿಯ ಮೇಲೆ ಅಪರೂಪ. ಚಂದ್ರ, ಮಂಗಳಗಳ ಕುಳಿಗಳನ್ನು ಅರಿಯಬೇಕೆನ್ನುವವರು ಅದಕ್ಕಾಗಿಯೇ ಲೋಣಾರ್‌ಗೆ ಬರುತ್ತಾರೆ.

ಕಲ್ಯಾಣ್. ನೆಪ್ಚೂನ್ ಸಿಕ್ಕ ಕಥೆ ಎಲ್ಲ ಗ್ರಹಗಳ ಕಥೆಗಿಂತ ಸೊಗಸು. ಯುರೇನಸ್ ಕಂಡ ಮೇಲೆ ಖಗೋಳಜ್ಞರು ಅದರ ಟೈಮ್‌ಟೇಬಲ್ ಹಾಕಿದರು. ಗ್ರಹ ಅದರಂತೆ ನಡೆಯಲಿಲ್ಲ. ಕೆಲವು ಕಾಲ ಮುಂದೆ, ಕೆಲವು ಕಾಲ ಹಿಂದೆ. ಆಚೆಗೆ ಕಾಣದ ಇನ್ನೊಂದು ಗ್ರಹ ಇದನ್ನು ಎಳೆಯುತ್ತಿರಬೇಕು ಎಂದು ಇಂಗ್ಲೆಂಡಿನಲ್ಲಿ ಆಡಮ್ಸ್, ಫ್ರಾನ್ಸಿನಲ್ಲಿ ಲೆವೆರಿಯೆ ಬೇರೆಬೇರೆಯಾಗಿ ಲೆಕ್ಕ ಮಾಡಿದರು. ಥಾಣೆಯ ಗಾಡಿ ತಡವಾದದ್ದನ್ನು ನೋಡಿ ಕಲ್ಯಾಣ್‌ನಲ್ಲಿ ಯಾವ ಗಾಡಿ ನಿಂತಿದೆ ಎಂದು ಕಾಗದದ ಮೇಲೇ ಕಂಡುಹಿಡಿದ ಹಾಗೆ. ಲೆವೆರಿಯೆಯ ಪತ್ರ ಬರ್ಲಿನ್ ಮುಟ್ಟಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಲೆಕ್ಕ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹ ಸಿಕ್ಕಿತು. ಬೋರಿಬಂದರ್‌ನಿಂದ ಮೊದಲ ರೈಲು ಹೊರಡಲು ಆಗ ಇನ್ನೂ ಏಳು ವರ್ಷ ಬಾಕಿ.

ನೆಪ್ಚೂನಿಗೆ ಸೂರ್ಯನ ಸುತ್ತ ಒಂದು ಸುತ್ತಿಗೆ ಸುಮಾರು 165 ವರ್ಷ. ಕಲ್ಯಾಣ್‌ಗೆ ರೈಲು ಬಂದಂದಿನಿಂದ ಇಂದಿನವರೆಗೆ ಅದು ಪೂರ್ತಿ ಸುತ್ತಿದ್ದು ಒಂದೇ ಸಲ. ಅಲ್ಲಿ ಬಿಸಿಲು ಭೂಮಿಯ ಬಿಸಿಲಿನ 900ನೇ ಒಂದು ಭಾಗ; ಸಿಎಸ್‌ಎಂಟಿಯಿಂದ ಹೊರಟ ಬೆಳಕಿಗೆ ಕಲ್ಯಾಣ್ ತಲುಪಲು ನಾಲ್ಕು ಗಂಟೆ ಹತ್ತು ನಿಮಿಷ. 1977ರ ಆಗಸ್ಟಿನಲ್ಲಿ ಹೊರಟ ವಾಯೇಜರ್ 2ಕ್ಕೆ ಹನ್ನೆರಡು ವರ್ಷ ಹಿಡಿಯಿತು. 1979ರಲ್ಲಿ ದಾದರ್, 1981ರಲ್ಲಿ ವಿದ್ಯಾವಿಹಾರ, 1986ರಲ್ಲಿ ಥಾಣೆ, 1989ರ ಆಗಸ್ಟ್ 25ಕ್ಕೆ ಕಲ್ಯಾಣ್. ಥಾಣೆ ಮತ್ತು ಕಲ್ಯಾಣ್‌ನ ಗ್ರಹಗಳ ಹತ್ತಿರ ಅದರ ನಂತರ ಯಾವ ನೌಕೆಯೂ ಹೋಗಿಲ್ಲ.

ಪ್ಲೂಟೊ ಪಾಡು ಬೇರೆ. ಅದರ ದಾರಿ ಎಷ್ಟು ಸೊಟ್ಟಗಿದೆಯೆಂದರೆ ಒಮ್ಮೆ ಕಲ್ಯಾಣ್‌ಗಿಂತ ಈಚೆ ಬರುತ್ತದೆ, ಒಮ್ಮೆ ನೇರಳ್ ದಾಟಿ ಹೋಗುತ್ತದೆ. 1979ರಿಂದ 1999ರವರೆಗೆ ಅದು ನೆಪ್ಚೂನಿಗಿಂತಲೂ ಸೂರ್ಯನಿಗೆ ಹತ್ತಿರವಿತ್ತು. ಮೂರು ಸೆಂಟಿಮೀಟರಿನ ಈ ಗೋಲಿಯಂಥವು ಕಲ್ಯಾಣ್‌ನಾಚೆಯ ಕೈಪರ್ ಪಟ್ಟಿಯಲ್ಲಿ ಇನ್ನೂ ಅನೇಕ ಇವೆ ಎಂದು ಗೊತ್ತಾದ ಮೇಲೆ 2006ರ ಆಗಸ್ಟ್ 24ರಂದು ಖಗೋಳಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಪ್ರಾಗ್‌ನಲ್ಲಿ ಸಭೆ ಸೇರಿ ಪ್ಲೂಟೊವನ್ನು ಕುಬ್ಜಗ್ರಹದ ಪಟ್ಟಿಗೆ ಸೇರಿಸಿತು. ಆಗ ಕಣ್ಣೀರಿಟ್ಟ ದೊಡ್ಡವರು ಇನ್ನೂ ಸಿಗುತ್ತಾರೆ. ನನ್ನ ಮತ ಒಕ್ಕೂಟದ ಕಡೆಗೇ.

ನವಿ ಮುಂಬಯಿಯವರು ತಮಗೇನೂ ಸಿಗಲಿಲ್ಲ ಎನ್ನಬೇಡಿ. ಹಾರ್ಬರ್ ಲೈನಿನ ಮೇಲೆ ಇದೇ ಲೆಕ್ಕ ಹಾಕಿದರೆ ಯುರೇನಸ್ ನೆರೂಲ್ ಆಸುಪಾಸಿಗೆ ಬರುತ್ತದೆ; 49 ಕಿ.ಮೀ.ನ ಪನವೇಲ್ ನೆಪ್ಚೂನಿಗೆ ಸ್ವಲ್ಪ ಮೊದಲೇ ಮುಗಿಯುತ್ತದೆ. ಆದರೆ ಪನವೇಲ್‌ಗೆ ಇದಕ್ಕಿಂತ ದೊಡ್ಡ ಹೆಗ್ಗಳಿಕೆಯಿದೆ. ಭಾರತೀಯ ಭೂಕಾಂತತ್ವ ಸಂಸ್ಥೆಯ ಮುಖ್ಯ ಕಚೇರಿ ನ್ಯೂ ಪನವೇಲ್‌ನಲ್ಲಿದೆ. ಅದರ ಮೂಲ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಣ್ಣೆದುರೇ ಒಂದು ಬಿಳಿ ಕಿಡಿ ಚಿಮ್ಮಿತು. ಹದಿನೇಳೂವರೆ ಗಂಟೆಯ ನಂತರ ಭೂಮಿಯ ಕಾಂತಕ್ಷೇತ್ರ ತತ್ತರಿಸಿತು; ಯುರೋಪು, ಅಮೆರಿಕದ ತಂತಿ ಕಚೇರಿಗಳಲ್ಲಿ ಕಿಡಿ ಹಾರಿದವು. ಆ ಬಿರುಗಾಳಿಯ ತೀವ್ರತೆ ಅಳೆಯಲು ಇಂದಿಗೂ ವಿಜ್ಞಾನಿಗಳು ನೆಚ್ಚುವ ದಾಖಲೆ ಕೊಲಾಬಾದ್ದು: ಸುಮಾರು 1600 ನ್ಯಾನೊಟೆಸ್ಲಾ ಕುಸಿತ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದೆಂದಾದಾಗ ಅದರ ಕರೆಂಟು ಸೂಕ್ಷ್ಮ ಕಾಂತಸೂಚಿಗಳನ್ನು ಅಲುಗಿಸುತ್ತದೆಂದು 1904ರಲ್ಲಿ ಅಳತೆಯ ಕೆಲಸವನ್ನು ಅಲಿಬಾಗ್‌ಗೆ ಸ್ಥಳಾಂತರಿಸಿದರು. ಅಲಿಬಾಗ್‌ನ ವೀಕ್ಷಣಾಲಯ ಇಂದಿಗೂ ಕೆಲಸ ಮಾಡುತ್ತಿದೆ. ಸೂರ್ಯ 15 ಕೋಟಿ ಕಿ.ಮೀ. ದೂರದಲ್ಲಿದ್ದರೂ ನಮ್ಮ ವಿದ್ಯುತ್ತಿಗೆ, ಉಪಗ್ರಹಗಳಿಗೆ ಕೈ ಹಾಕಬಲ್ಲ. ಆದಿತ್ಯ-ಎಲ್1 ಆ ಹದಿನೆಂಟು ಮೀಟರ್ ಮುಂದೆ ಹೋಗಿ ಕಾದು ಕೂತಿರುವುದಕ್ಕೆ ಇದೂ ಒಂದು ಕಾರಣ.

ಲೈನು ಇಲ್ಲಿಗೆ ಮುಗಿಯುವುದಿಲ್ಲ. ವಾಯೇಜರ್ 1 ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ, ನಮ್ಮ ಹಳಿಯ ಮೇಲೆ ಅದು ದಿನಕ್ಕೆ ಹದಿನೆಂಟು ಮೀಟರೂ ಅಲ್ಲ. ಆದರೂ 1977ರಿಂದ ಓಡುತ್ತಲೇ ಇದ್ದು ಪುಣೆ ದಾಟಿ, ದೌಂಡ್ ದಾಟಿ ಸೋಲಾಪುರದ ದಾರಿಯಲ್ಲಿ 300 ಕಿ.ಮೀ. ಆಚೆ ಇದೆ. ಮುಂದಿನ ಸ್ಟೇಷನ್ನು, ಎಂದರೆ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಇದೇ ಅಳತೆಯಲ್ಲಿ ಸುಮಾರು 4.8 ಲಕ್ಷ ಕಿ.ಮೀ. ದೂರ. ನಿಜವಾದ ಚಂದ್ರ ನಮ್ಮಿಂದ 3.84 ಲಕ್ಷ ಕಿ.ಮೀ.ನಲ್ಲಿದ್ದಾನೆ. ಸೂರ್ಯನಿಂದ ನೆಪ್ಚೂನಿನವರೆಗಿನದನ್ನೆಲ್ಲ ಸಿಎಸ್‌ಎಂಟಿ-ಕಲ್ಯಾಣ್ ಮಧ್ಯೆ ಮಡಚಿಟ್ಟರೂ ಪಕ್ಕದ ನಕ್ಷತ್ರ ಚಂದ್ರನಿಂದಾಚೆಗೇ ಉಳಿಯುತ್ತದೆ!

ಇದನ್ನೆಲ್ಲ ಓದಿ ಬಿಡಬೇಡಿ. ಮಹಾರಾಷ್ಟ್ರದಲ್ಲಿ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಅಚ್ಚುಮಾಡುತ್ತದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ, ಥಾಣೆ, ಕಲ್ಯಾಣ್, ವಾಶಿಗಳಲ್ಲಿ ಕನ್ನಡ ಸಂಘಗಳಿವೆ. ಮಕ್ಕಳು ಈಗ ಓದುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಎಂಬುದು ನಿಜ. ಆದರೆ ಸ್ಟೇಷನ್ನುಗಳ ಹೆಸರಿಗೆ ಯಾವ ಮಾಧ್ಯಮದ ಹಂಗೂ ಇಲ್ಲ. ನಾಲ್ಕು ಮಕ್ಕಳು, ಒಂದು ಮೀಟರ್ ಟೇಪು, ರಟ್ಟಿನ ತುಂಡುಗಳಿದ್ದರೆ ಗ್ರಹಗಳನ್ನು ಕತ್ತರಿಸಿಕೊಂಡು ಭಾನುವಾರ ಮೆಗಾಬ್ಲಾಕ್ ಇಲ್ಲದ ಹೊತ್ತಿನಲ್ಲಿ ಹೊರಡಬಹುದು. ಗ್ರಹಗಳನ್ನೇ ನೋಡಬೇಕೆಂದರೆ ಮುಂಬಯಿಯ ಖಗೋಲ ಮಂಡಳದವರು ವರ್ಷಗಳಿಂದ ವಾಂಗಣಿಯಲ್ಲಿ ರಾತ್ರಿಯಿಡೀ ಆಕಾಶ ತೋರಿಸುವ ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ಕಲ್ಯಾಣ್‌ನಾಚೆಯ ಆ ಸ್ಟೇಷನ್ನು ಪ್ಲೂಟೊ ಓಡಾಡುವ ಹಾದಿಯಲ್ಲೇ ಇದೆ.

ಸೂರ್ಯನನ್ನು ತಿಳಿಯಲು ಮಾತ್ರ ಎಲ್ಲಿಗೂ ಹೋಗಬೇಕಿಲ್ಲ, ತಾರಸಿ ಸಾಕು. ಮೇ 15ರಿಂದ 17ರೊಳಗೆ ಪನವೇಲ್‌ನಿಂದ ಕಲ್ಯಾಣ್‌ವರೆಗಿನ ನಮ್ಮೂರುಗಳಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ದಕ್ಷಿಣದ ಪನವೇಲ್‌ಗೆ ಮೊದಲು, ಉತ್ತರದ ಕಲ್ಯಾಣ್‌ಗೆ ಸ್ವಲ್ಪ ನಂತರ. ಮಧ್ಯಾಹ್ನ 12.35ರ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ಹನ್ನೆರಡಕ್ಕೆ ಏಕಲ್ಲ ಎಂದರೆ, ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ಒಂಬತ್ತೂವರೆ ಡಿಗ್ರಿ ಆಚೆಯ ರೇಖಾಂಶದ ಸಮಯದಲ್ಲಿ. ಮುಂಬಯಿ ತನ್ನದೇ ಸಮಯವನ್ನು, ದೇಶದ ಸಮಯಕ್ಕಿಂತ 39 ನಿಮಿಷ ಹಿಂದಿಟ್ಟುಕೊಂಡು, 1955ರವರೆಗೂ ಬಿಟ್ಟುಕೊಟ್ಟಿರಲಿಲ್ಲ. ಸೂರ್ಯನತ್ತ ಬರಿಗಣ್ಣಿನಿಂದ ನೋಡಬೇಡಿ, ನೆಲದ ಮೇಲಿನ ನೆರಳನ್ನಷ್ಟೇ ನೋಡಿ. ಜುಲೈ 27ರ ಆಸುಪಾಸಿನಲ್ಲಿ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಆದರೆ ನಮ್ಮ ಕಡೆಯ ಜುಲೈ ಮೋಡಗಳನ್ನು ನಂಬಿ ಕೂರಬೇಡಿ, ಮೇ ತಿಂಗಳಲ್ಲೇ ನೋಡಿಬಿಡಿ.